ಡಿಮೆನ್ಷಿಯಾ ಆರೈಕೆಗೆ ಸಾರ್ವಜನಿಕ ಹಣ: ನಿಗಾ ಇಡುವ ಗಂಟೆಗಳಿಗೆ ಲೆಕ್ಕವಿದೆಯೇ?

ಚರ್ಚೆ ಆರಂಭಿಸಿದವರು

ಡಿಮೆನ್ಷಿಯಾ (ನೆನಪು, ಯೋಚನೆ, ವರ್ತನೆ ಕ್ರಮೇಣ ಕುಸಿಯುವ ಕಾಯಿಲೆ) ಇರುವವರ ಆರೈಕೆಗೆ ಸಾರ್ವಜನಿಕ ಹಣ ಬೇಕೆಂಬುದನ್ನು ಈಗ ಯಾರೂ ಅಷ್ಟಾಗಿ ಅಲ್ಲಗಳೆಯುವುದಿಲ್ಲ. ಆದರೆ ಆ ಹಣ ಯಾವುದಕ್ಕೆ ವೆಚ್ಚವಾಗಬೇಕು, ಯಾರ ಕೈ ಸೇರಬೇಕು, ಅಗತ್ಯವನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬಲ್ಲಿಗೆ ಬಂದೊಡನೆ ಮಾತು ತೇಲಿಹೋಗುತ್ತದೆ. ಚರ್ಚೆ ಈ ಒಂದು ಅಂಶದ ಮೇಲೆಯೇ ನಡೆಯಲಿ ಎಂಬುದು ನನ್ನ ಕೋರಿಕೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ 5.7 ಕೋಟಿ ಜನರಿಗೆ ಡಿಮೆನ್ಷಿಯಾ ಇತ್ತು, ಅವರಲ್ಲಿ ಶೇ. 60ಕ್ಕೂ ಹೆಚ್ಚು ಮಂದಿ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳವರು. 2019ರಲ್ಲಿ ಈ ಕಾಯಿಲೆಯಿಂದ ಜಗತ್ತಿನ ಮೇಲೆ ಬಿದ್ದ ಹೊರೆ 1.3 ಲಕ್ಷ ಕೋಟಿ ಡಾಲರ್. ಈ ಮೊತ್ತದ ಸುಮಾರು ಅರ್ಧದಷ್ಟು ಯಾವ ಆಸ್ಪತ್ರೆಯ ಬಿಲ್ಲಿನಲ್ಲೂ ಕಾಣಿಸದು; ಅದು ಮನೆಯವರು, ಬಂಧುಗಳು, ಸ್ನೇಹಿತರು ಸಂಬಳವಿಲ್ಲದೆ ದಿನಕ್ಕೆ ಸರಾಸರಿ 5 ಗಂಟೆ ಮಾಡುವ ಆರೈಕೆಗೆ ಕಟ್ಟಿದ ಬೆಲೆ. ಈ ಗಂಟೆಗಳಲ್ಲಿ ಶೇ. 70ರಷ್ಟನ್ನು ಹೆಂಗಸರು ದುಡಿಯುತ್ತಾರೆ. ಹೀಗೆ ಡಿಮೆನ್ಷಿಯಾ ಆರೈಕೆಗೆ ಅತಿ ದೊಡ್ಡ ಅನುದಾನ ಈಗಾಗಲೇ ಮನೆಯ ಹೆಣ್ಣುಮಕ್ಕಳಿಂದ ಬರುತ್ತಿದೆ, ಅದಕ್ಕೆ ರಸೀದಿ ಕೊಡುವವರು ಮಾತ್ರ ಯಾರೂ ಇಲ್ಲ.

ನನ್ನ ವಾದವಿಷ್ಟು. ಸಾರ್ವಜನಿಕ ಹಣದ ಮೊದಲ ಪಾಲು, ವಾರದ ಇಂಥ ದಿನ ಇಂಥ ಹೊತ್ತಿಗೆ ತರಬೇತಿ ಪಡೆದ ಒಬ್ಬರು ಖಚಿತವಾಗಿ ಬಂದು ಆರೈಕೆದಾರರ ಜಾಗದಲ್ಲಿ ನಿಲ್ಲುವ ವ್ಯವಸ್ಥೆಗೆ ಹೋಗಬೇಕು. ಎಷ್ಟು ಗಂಟೆ ಕೊಡಬೇಕೆಂಬುದನ್ನು ರೋಗಿಯ ಕೈಕಾಲುಗಳ ಶಕ್ತಿ ನೋಡಿ ನಿರ್ಧರಿಸದೆ, ಅವರನ್ನು ಎಷ್ಟು ಹೊತ್ತು ಒಂಟಿಯಾಗಿ ಬಿಡಲಾಗದು ಎಂಬುದರ ಮೇಲೆ ನಿರ್ಧರಿಸಬೇಕು. ಇದೇನೂ ಹೊಸ ತತ್ವವಲ್ಲ. ಜರ್ಮನಿಯ ಆರೈಕೆ ವಿಮೆ 1995ರಲ್ಲಿ ಜಾರಿಗೆ ಬಂದಾಗ ಸ್ನಾನ, ಊಟ, ನಡಿಗೆಯಂಥ ದೈಹಿಕ ಕೆಲಸಗಳಿಗೆ ತಗಲುವ ನೆರವನ್ನೇ ಪ್ರಧಾನವಾಗಿ ಅಳೆಯುತ್ತಿತ್ತು. ನಡೆದಾಡಬಲ್ಲ, ಆದರೆ ಗ್ಯಾಸ್ ಒಲೆ ಆರಿಸಲು ಮರೆಯುವ ವ್ಯಕ್ತಿ ಆ ಅಳತೆಯಲ್ಲಿ ಹೆಚ್ಚುಕಡಿಮೆ ಆರೋಗ್ಯವಂತನಾಗಿಯೇ ಉಳಿಯುತ್ತಿದ್ದ. ಹಿಂದಿದ್ದ ಮೂರು ಹಂತಗಳನ್ನು ತೆಗೆದು, ಅರಿವು ಮತ್ತು ವರ್ತನೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಐದು ಶ್ರೇಣಿಗಳನ್ನು ತರಲು 2017ರವರೆಗೆ ಕಾಯಬೇಕಾಯಿತು. ದಕ್ಷಿಣ ಕೊರಿಯಾ 2008ರಲ್ಲಿ ದೀರ್ಘಾವಧಿ ಆರೈಕೆ ವಿಮೆ ಆರಂಭಿಸಿ, ದೇಹ ಗಟ್ಟಿಯಿರುವ ಡಿಮೆನ್ಷಿಯಾ ರೋಗಿಗಳು ಹೊರಗುಳಿಯುತ್ತಿದ್ದಾರೆಂಬುದು ಸ್ಪಷ್ಟವಾದ ಮೇಲೆ 2014ರಲ್ಲಿ ಅವರಿಗೆಂದೇ ಪ್ರತ್ಯೇಕ ಶ್ರೇಣಿ ಸೇರಿಸಿತು. ಹೊಸದಾಗಿ ಯೋಜನೆ ರೂಪಿಸುವ ಯಾವ ಸರ್ಕಾರವೂ ಇದೇ ಸುತ್ತುಹಾದಿ ಹಿಡಿಯಬೇಕಾದ ಅಗತ್ಯವಿಲ್ಲ.

ತಂದೆಯ ಆರೈಕೆ ಮಾಡುತ್ತಿರುವ ಮಗಳು

ಅಳತೆಗೋಲಿನ ಬಗ್ಗೆ ತಾವು ಬರೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಹಾಯಧನದ ಅರ್ಜಿ ಪರಿಶೀಲಿಸಲು ಅಧಿಕಾರಿಯೊಬ್ಬರು ಮನೆಗೆ ಬಂದಿದ್ದರು. ತಂದೆಯವರು ನೆಟ್ಟಗೆ ಕುಳಿತು, ಬಂದವರನ್ನು ಕುಳ್ಳಿರಿಸಿ, ಪ್ರಯಾಣ ಹೇಗಿತ್ತೆಂದು ವಿಚಾರಿಸಿದರು. "ಬಟ್ಟೆ ತಾವೇ ಹಾಕಿಕೊಳ್ಳುತ್ತೀರಾ?" ಎಂಬ ಪ್ರಶ್ನೆಗೆ "ಮತ್ತಿನ್ಯಾರು ಹಾಕುತ್ತಾರೆ?" ಎಂದು ನಕ್ಕರು. ಅಧಿಕಾರಿ ನಮೂನೆಯಲ್ಲಿ "ಹೌದು" ಎಂಬ ಚೌಕಕ್ಕೆ ಗುರುತು ಹಾಕಿದರು. ಆ ಹೊತ್ತಿನಲ್ಲಿ ತಂದೆಯವರು ಒಂದರ ಮೇಲೊಂದು ಮೂರು ಅಂಗಿ ತೊಟ್ಟಿದ್ದರು. ಹೊರಗಿನದರ ಗುಂಡಿಗಳನ್ನು ಒಳಗಿನದರ ಕಾಜಾಗಳಿಗೆ ಸೇರಿಸಿಕೊಂಡಿದ್ದರು. ನಮೂನೆಯಲ್ಲಿ ಅದನ್ನು ಬರೆಯಲು ಜಾಗವಿರಲಿಲ್ಲ.

ಬಂದವರ ಮುಂದೆ ಸ್ವಲ್ಪ ಹೊತ್ತು ಚೆನ್ನಾಗಿ ನಡೆದುಕೊಳ್ಳುವುದು ಈ ಕಾಯಿಲೆಯಲ್ಲಿ ಬಹಳ ಸಾಮಾನ್ಯವೆಂದು ಆಮೇಲೆ ವೈದ್ಯರಿಂದ ತಿಳಿಯಿತು. ಹಾಗಿದ್ದ ಮೇಲೆ ಅರ್ಧ ಗಂಟೆಯ ಭೇಟಿಯ ಮೇಲೆ ಒಂದು ವರ್ಷದ ನೆರವನ್ನು ತೀರ್ಮಾನಿಸುವುದು ಯಾವ ನ್ಯಾಯ? ಮನೆಯವರ ಮಾತನ್ನು ರೋಗಿಯ ಎದುರಿನಲ್ಲಿ ಕೇಳುವುದೂ ಸರಿಯಲ್ಲ. ಅವರ ಎದುರಿಗೇ ನಾವು ಅವರ ಬಗ್ಗೆ ದೂರು ಹೇಳಿದಂತಾಗುತ್ತದೆ, ಇಲ್ಲವೇ ಅವರ ಮಾನ ಉಳಿಸಲು ಸುಮ್ಮನಾಗುತ್ತೇವೆ. ಸುಮ್ಮನಾದವರಿಗೆ ನೆರವು ಸಿಗುವುದಿಲ್ಲ.

ನಿವೃತ್ತ ಬಜೆಟ್ ಅಧಿಕಾರಿ

ನಿಮ್ಮಿಬ್ಬರ ಮಾತನ್ನೂ ಗೌರವಿಸುತ್ತೇನೆ. ಆದರೆ ಖಜಾನೆಯ ಕಡೆಯಿಂದ ನೋಡಿದಾಗ ನಿಗಾ ಎಂಬುದು ಅಂಚೇ ಇಲ್ಲದ ಅಗತ್ಯ. ರೋಗ ಮುಂದುವರಿದವರಿಗೆ ದಿನದ 24 ಗಂಟೆಯೂ ನಿಗಾ ಬೇಕು. ಅಷ್ಟನ್ನೂ ಭರಿಸಬಲ್ಲ ಸರ್ಕಾರ ಎಲ್ಲಿದೆ? ಇನ್ನೊಂದು ಅಂಜಿಕೆ ಹಣಕಾಸು ಇಲಾಖೆಗಳಲ್ಲಿ ಸದಾ ಇರುತ್ತದೆ, ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ: ನೆರವು ದೊರೆಯುತ್ತದೆಂದು ತಿಳಿದ ಕೂಡಲೇ ಈವರೆಗೆ ಕೇಳದೆ ಇದ್ದವರೆಲ್ಲ ಮುಂದೆ ಬರುತ್ತಾರೆ, ಅಂದಾಜು ಪಟ್ಟಿ ಮೊದಲ ವರ್ಷವೇ ತಲೆಕೆಳಗಾಗುತ್ತದೆ. (ಹಾಗೆ ಮುಂದೆ ಬರುವವರಿಗೆ ಅಗತ್ಯ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ; ಅವರು ಲೆಕ್ಕದಲ್ಲಿ ಇರಲಿಲ್ಲ, ಅಷ್ಟೇ.)

ಹಣದ ಮೂಲವನ್ನು ಮೊದಲೇ ಗಟ್ಟಿ ಮಾಡಿಕೊಳ್ಳದೆ ಹಕ್ಕು ಘೋಷಿಸುವುದು ಕಣ್ಣೊರೆಸುವ ತಂತ್ರವಾಗುತ್ತದೆ. ಜಪಾನ್ ಈ ವಿಷಯದಲ್ಲಿ ಪ್ರಾಮಾಣಿಕವಾಗಿ ನಡೆದುಕೊಂಡಿತು ಎಂಬುದು ನನ್ನ ಅಭಿಪ್ರಾಯ. 2000ದ ಏಪ್ರಿಲ್‌ನಲ್ಲಿ ಆರಂಭವಾದ ಅಲ್ಲಿನ ಆರೈಕೆ ವಿಮೆಗೆ 40 ವರ್ಷ ದಾಟಿದ ಎಲ್ಲರೂ ಕಂತು ಕಟ್ಟುತ್ತಾರೆ; ಬಳಕೆದಾರರ ಪಾಲನ್ನು ಕಳೆದರೆ ಉಳಿದ ವೆಚ್ಚದ ಅರ್ಧ ಕಂತುಗಳಿಂದ, ಅರ್ಧ ತೆರಿಗೆಯಿಂದ ಬರುತ್ತದೆ. ಸೇವೆ ಪಡೆದವರು ಸಾಮಾನ್ಯವಾಗಿ ಶೇ. 10ರಷ್ಟನ್ನು, ಆದಾಯ ಹೆಚ್ಚಿದ್ದವರು ಶೇ. 20 ಅಥವಾ 30ರಷ್ಟನ್ನು ತಾವೇ ಭರಿಸುತ್ತಾರೆ. ಕೋಬೆ ನಗರ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ನಿವಾಸಿ ತೆರಿಗೆಯನ್ನು ತಲಾ ವರ್ಷಕ್ಕೆ 400 ಯೆನ್ ಏರಿಸಿ, ಆ ಹಣವನ್ನು ಡಿಮೆನ್ಷಿಯಾ ತಪಾಸಣೆಗೂ ಅಪಘಾತ ಪರಿಹಾರಕ್ಕೂ ಮೀಸಲಿಟ್ಟಿತು. ಮೊತ್ತ ಚಿಕ್ಕದು, ಆದರೆ ಯಾವುದಕ್ಕೆ ಕೊಡುತ್ತಿದ್ದೇವೆಂಬುದು ತೆರಿಗೆದಾರನಿಗೆ ಗೊತ್ತು. ಅನುದಾನ ವರ್ಷವರ್ಷವೂ ಮಂತ್ರಿಗಳ ಮರ್ಜಿ ಕಾಯುವಂತಿದ್ದರೆ ಯಾವ ಸಂಸ್ಥೆಯೂ ಕಾಯಂ ಸಿಬ್ಬಂದಿಯನ್ನು ನೇಮಿಸಲಾರದು.

ಸೇವೆಯ ಬದಲು ಕುಟುಂಬಕ್ಕೆ ನೇರವಾಗಿ ಭತ್ಯೆ ಕೊಟ್ಟರೆ ಆಡಳಿತ ವೆಚ್ಚವಾದರೂ ಉಳಿಯುವುದಲ್ಲವೇ?

ಪತ್ನಿಯ ಆರೈಕೆಗಾಗಿ ಉದ್ಯೋಗ ಬಿಟ್ಟವರು

ಭತ್ಯೆಯ ಬಗ್ಗೆ ನಾನು ಒಂದಿಷ್ಟು ಹೇಳಬೇಕು, ಏಕೆಂದರೆ ಇದು ಕಾಗದದ ಮೇಲೆ ಕಾಣುವಷ್ಟು ಸರಳವಲ್ಲ. ಬ್ರಿಟನ್ನಿನ ಉದಾಹರಣೆ ನೋಡಿ. ಆರೈಕೆದಾರರ ಭತ್ಯೆ ಅಲ್ಲಿ 1976ರಿಂದಲೂ ಬೇರೆ ಹೆಸರಿನಲ್ಲಿ ಇತ್ತು. ಆದರೆ ವಿವಾಹಿತ ಸ್ತ್ರೀಯರು ಹೇಗಿದ್ದರೂ ಮನೆಯಲ್ಲೇ ಇರುವವರೆಂಬ ಊಹೆಯ ಮೇಲೆ ಅವರನ್ನು ಅದರಿಂದ ಹೊರಗಿಡಲಾಗಿತ್ತು. ಯುರೋಪಿನ ನ್ಯಾಯಾಲಯದಲ್ಲಿ ಪ್ರಕರಣ ಸೋಲುವ ಹೊತ್ತಿಗೆ, 1986ರಲ್ಲಿ, ಸರ್ಕಾರ ನಿಯಮ ಬದಲಿಸಿತು. ಈಗಿನ ತೊಡಕು ಬೇರೆ ಬಗೆಯದು. ವಾರಕ್ಕೆ ಕನಿಷ್ಠ 35 ಗಂಟೆ ಆರೈಕೆ ಮಾಡುವವರಿಗೆ 2025–26ರಲ್ಲಿ ವಾರಕ್ಕೆ 83.30 ಪೌಂಡ್ ಸಿಗುತ್ತಿತ್ತು. ಆದರೆ ಗಳಿಕೆ ಆ ವರ್ಷದ ಮಿತಿಯಾಗಿದ್ದ 196 ಪೌಂಡ್‌ಗಿಂತ ಒಂದು ಪೌಂಡ್ ಹೆಚ್ಚಾದರೂ ಆ ವಾರದ ಭತ್ಯೆ ಪೂರ್ತಿ ಕೈತಪ್ಪುತ್ತಿತ್ತು. ಹೀಗೆ ಮಿತಿ ಮೀರಿದ್ದು ತಿಳಿಯದೆ ವರ್ಷಗಟ್ಟಲೆ ಭತ್ಯೆ ಪಡೆದವರಿಗೆ ಸಾವಿರಾರು ಪೌಂಡ್ ಮರಳಿಸುವಂತೆ ನೋಟಿಸ್ ಹೋಗಿ 2024ರಲ್ಲಿ ದೊಡ್ಡ ಗದ್ದಲವಾಯಿತು. ನೆರವು ಪಡೆದವರು ಸಾಲಗಾರರಾದರು.

ಹಣ ಕೈಗೆ ಬಂದರೂ ಕೊಳ್ಳಲು ಸೇವೆಯೇ ಇಲ್ಲದಿದ್ದರೆ ಮಾಡುವುದೇನು? ಹಾಗೆಂದು ಭತ್ಯೆಯೇ ಬೇಡ ಎನ್ನಲಾರೆ. ಜರ್ಮನಿಯಲ್ಲಿ ಕುಟುಂಬ ನಗದನ್ನಾಗಲಿ, ಸೇವೆಯನ್ನಾಗಲಿ, ಎರಡರ ಮಿಶ್ರಣವನ್ನಾಗಲಿ ಆರಿಸಿಕೊಳ್ಳಬಹುದು. ನನಗೆ ಹೆಚ್ಚು ಮುಖ್ಯವೆನಿಸಿದ್ದು ಅಲ್ಲಿನ ಇನ್ನೊಂದು ಏರ್ಪಾಟು: ಷರತ್ತುಗಳಿಗೆ ಒಳಪಟ್ಟು, ವಾರಕ್ಕೆ ಕನಿಷ್ಠ 10 ಗಂಟೆ ಆರೈಕೆ ಮಾಡುವ ಮನೆಯವರ ಹೆಸರಿನಲ್ಲಿ ಆರೈಕೆ ವಿಮೆಯೇ ಪಿಂಚಣಿ ಕಂತು ಕಟ್ಟುತ್ತದೆ. ಐವತ್ತರ ವಯಸ್ಸಿನಲ್ಲಿ ಕೆಲಸ ಬಿಟ್ಟವರಿಗೆ ಈ ಹೊತ್ತಿನ ಸಂಬಳಕ್ಕಿಂತ ಎಪ್ಪತ್ತರಲ್ಲಿ ತನ್ನನ್ನು ನೋಡಿಕೊಳ್ಳುವ ಹಣ ಎಲ್ಲಿಂದ ಬರುತ್ತದೆಂಬ ಚಿಂತೆ ದೊಡ್ಡದು.

ಸಂಶೋಧನಾ ವಿದ್ಯಾರ್ಥಿ

ಚರ್ಚೆ ಆರಂಭಿಸಿದವರ ಮೂಲ ವಾದವನ್ನೇ ಸ್ವಲ್ಪ ಒರೆಗೆ ಹಚ್ಚಬೇಕೆನಿಸುತ್ತದೆ. ಆರೈಕೆದಾರರಿಗೆ ಬಿಡುವು ಕೊಡುವುದರಿಂದ ಒಳಿತಾಗುತ್ತದೆ ಎಂಬುದು ಎಷ್ಟೇ ಸಹಜವೆಂದು ತೋರಿದರೂ, 2014ರ ಕಾಕ್ರೇನ್ ವಿಮರ್ಶೆ (ವೈದ್ಯಕೀಯ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸುವ ಅಂತರರಾಷ್ಟ್ರೀಯ ಜಾಲದ್ದು) 4 ಪ್ರಯೋಗಗಳ 753 ಮಂದಿಯ ಮಾಹಿತಿಯನ್ನು ಪರಿಶೀಲಿಸಿದಾಗ ಬಿಡುವಿನ ಆರೈಕೆಯಿಂದ ಸ್ಪಷ್ಟ ಲಾಭವನ್ನಾಗಲಿ ಹಾನಿಯನ್ನಾಗಲಿ ತೋರಿಸಲಾಗಲಿಲ್ಲ. ಇನ್ನೊಂದೆಡೆ, ಆರೈಕೆದಾರರಿಗೆ ಸಮಾಲೋಚನೆ ಮತ್ತು ತರಬೇತಿ ಕೊಟ್ಟ ಪ್ರಯೋಗಗಳ ಫಲಿತಾಂಶ ಹೆಚ್ಚು ಗಟ್ಟಿಯಾಗಿದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಡಿಮೆನ್ಷಿಯಾದ ಅತಿ ಸಾಮಾನ್ಯ ರೂಪವಾದ ಆಲ್‌ಝೈಮರ್ ರೋಗಿಗಳ 406 ಜೀವನಸಂಗಾತಿಗಳು ಭಾಗವಹಿಸಿದ್ದರು. ಅರ್ಧದಷ್ಟು ಮಂದಿಗೆ 6 ಸುತ್ತಿನ ವೈಯಕ್ತಿಕ ಮತ್ತು ಕೌಟುಂಬಿಕ ಸಮಾಲೋಚನೆ, ಬೆಂಬಲ ಗುಂಪು, ಬೇಕೆಂದಾಗ ದೂರವಾಣಿಯಲ್ಲಿ ಸಲಹೆ ದೊರೆಯಿತು. ಇವರ ಮನೆಗಳಲ್ಲಿ ರೋಗಿಯನ್ನು ಆರೈಕೆ ಗೃಹಕ್ಕೆ ಸೇರಿಸುವ ಸಮಯ 557 ದಿನಗಳಷ್ಟು ಮುಂದಕ್ಕೆ ಹೋಯಿತೆಂದು 2006ರಲ್ಲಿ ಪ್ರಕಟವಾಯಿತು. ಬ್ರಿಟನ್ನಿನ ಸ್ಟಾರ್ಟ್ ಪ್ರಯೋಗದಲ್ಲಿ ಮೇಲ್ವಿಚಾರಣೆಯಡಿ ಕೆಲಸ ಮಾಡಿದ ಮನಶ್ಶಾಸ್ತ್ರ ಪದವೀಧರರು 8 ಭೇಟಿಗಳಲ್ಲಿ ಕಲಿಸಿದ ವಿಧಾನಗಳಿಂದ ಆರೈಕೆದಾರರ ಖಿನ್ನತೆ, ಆತಂಕ ತಗ್ಗಿತು.

ಇದಕ್ಕೆ ಶ್ರೀಮಂತ ದೇಶವೇ ಆಗಬೇಕೆಂದಿಲ್ಲ. ಗೋವಾದಲ್ಲಿ 81 ಕುಟುಂಬಗಳೊಡನೆ ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವೈದ್ಯರಲ್ಲದ, ಸ್ಥಳೀಯವಾಗಿ ತರಬೇತಿ ಪಡೆದ ಸಲಹೆಗಾರರೇ ಮನೆಮನೆಗೆ ಹೋದರು. ಆರೈಕೆದಾರರ ಮಾನಸಿಕ ಆರೋಗ್ಯ ಸುಧಾರಿಸಿತು. ಹಣ ಕಡಿಮೆಯಿದ್ದಾಗ ಮೊದಲು ಇಂಥದ್ದಕ್ಕೆ ಕೊಡುವುದು ಜಾಣತನವಲ್ಲವೇ?

ಸಮುದಾಯ ಶುಶ್ರೂಷಕಿ

ಬಿಡುವಿನ ಆರೈಕೆ ಪ್ರಯೋಗಗಳಲ್ಲಿ ಏಕೆ ಫಲ ಕಾಣಲಿಲ್ಲವೆಂಬುದಕ್ಕೆ ನನ್ನ ಕೆಲಸದ ಅನುಭವದಿಂದ ಒಂದು ವಿವರಣೆ ಕೊಡಬಲ್ಲೆ. ಸೇವೆ ಇದೆ ಎನ್ನುವುದಕ್ಕೂ ಅದು ಮನೆಯವರಿಗೆ ಒದಗುತ್ತದೆ ಎನ್ನುವುದಕ್ಕೂ ಬಹಳ ಅಂತರವಿದೆ. ಹಗಲು ಆರೈಕೆ ಕೇಂದ್ರದ ವ್ಯಾನ್ ಬೆಳಿಗ್ಗೆ ಬಾಗಿಲಿಗೆ ಬರುತ್ತದೆ. ಹೋಗಬೇಕಾದವರು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು, ಅದು ತಮ್ಮದಲ್ಲ ಎಂದು ಹಟ ಹಿಡಿದಿರುತ್ತಾರೆ. ಚಾಲಕನಿಗೆ ಇನ್ನೂ ಐದಾರು ಮನೆಗಳಿವೆ; ಸ್ವಲ್ಪ ಕಾದು ಹೊರಟುಬಿಡುತ್ತಾನೆ. ಆ ದಿನ ಕೇಂದ್ರದ ಹಾಜರಿ ಪುಸ್ತಕದಲ್ಲಿ "ಗೈರು". ವ್ಯಾನಿಗೆ ಅನುದಾನವಿದೆ, ಕಟ್ಟಡಕ್ಕೆ ಅನುದಾನವಿದೆ, ವ್ಯಾನ್ ಬರುವ ಮುನ್ನ ಮನೆಗೆ ಬಂದು ಸಮಾಧಾನದಿಂದ ಚಪ್ಪಲಿ ಹಾಕಿಸುವವರಿಗೆ ಮಾತ್ರ ಯಾವ ತಲೆಬರಹದಡಿಯೂ ಹಣವಿಲ್ಲ.

ಸಮಯದ ಆಯ್ಕೆಯೂ ಹಾಗೆಯೇ. ಡಿಮೆನ್ಷಿಯಾ ಇರುವ ಅನೇಕರಿಗೆ ಗಲಿಬಿಲಿ, ಅಲೆದಾಟ, ಸಿಡಿಮಿಡಿ ಹೆಚ್ಚುವುದು ಸಂಜೆಯ ಮೇಲೆ. ಕೇಂದ್ರಗಳು ಬಾಗಿಲು ಹಾಕುವುದೂ ಸಂಜೆಗೇ. ಇನ್ನು ಸಿಬ್ಬಂದಿಯ ವಿಷಯ: ವಾರಕ್ಕೊಬ್ಬ ಹೊಸಬರು ಬಂದರೆ, ಮುಖ ಗುರುತಿಸಲು ತೊಡಕಿರುವ ವ್ಯಕ್ತಿ ಅವರನ್ನು ಮನೆಗೆ ನುಗ್ಗಿದ ಅಪರಿಚಿತರೆಂದೇ ಭಾವಿಸುತ್ತಾರೆ. ಆಗ ಹೊರಗೆ ಹೋದ ಮಗಳಿಗೆ ಅರ್ಧ ದಾರಿಯಲ್ಲೇ ಫೋನ್ ಬರುತ್ತದೆ. ಇದನ್ನು ಬಿಡುವು ಎನ್ನಲಾದೀತೇ? ಸಿಬ್ಬಂದಿಗೆ ಕೊಡುವ ಕೂಲಿ ಹೀಗೇ ಇದ್ದರೆ ಒಬ್ಬರೂ ಒಂದು ವರ್ಷ ನಿಲ್ಲುವುದಿಲ್ಲ. ಕಾಯಂ ಮುಖ, ಸಂಜೆಯ ಹೊತ್ತು, ಮನೆಯಿಂದ ಹೊರಡಿಸುವ ನೆರವು, ಈ ಮೂರೂ ಇದ್ದ ಬಿಡುವಿನ ಸೇವೆಯನ್ನು ಅಳೆದು ನೋಡಿದ ಮೇಲೆ ಅದರ ಫಲದ ಬಗ್ಗೆ ತೀರ್ಪು ಕೊಡಲಿ.

ತರಬೇತಿಯ ಬೆಲೆಯನ್ನು ನಾನು ಕಡೆಗಣಿಸುತ್ತಿಲ್ಲ. ಆದರೆ ತರಬೇತಿಗೆ ಬರುವ ಎರಡು ಗಂಟೆ ರೋಗಿಯನ್ನು ನೋಡಿಕೊಳ್ಳುವವರು ಯಾರು? ಆ ಏರ್ಪಾಟಿಲ್ಲದೆ ಕರೆದರೆ, ಮನೆಯಲ್ಲಿ ಇನ್ನೊಬ್ಬರು ಇರುವವರು ಮಾತ್ರ ಬರುತ್ತಾರೆ. ನಿಜಕ್ಕೂ ಒಂಟಿಯಾದವರು ಬರುವುದೇ ಇಲ್ಲ.

ವಕೀಲರು

ನಿಗಾದ ಹೊಣೆ ಯಾರದು ಎಂಬುದಕ್ಕೆ ಕಾನೂನಿನ ಮುಖವೂ ಇದೆ. 2007ರಲ್ಲಿ ಜಪಾನಿನ ಐಚಿ ಪ್ರಾಂತದಲ್ಲಿ ಡಿಮೆನ್ಷಿಯಾ ಇದ್ದ 91 ವರ್ಷದ ಒಬ್ಬರು ಮನೆಯಿಂದ ಹೊರಬಿದ್ದು ರೈಲು ಹಳಿಯ ಮೇಲೆ ಸಾವಿಗೀಡಾದರು. ಅವರನ್ನು ನೋಡಿಕೊಳ್ಳುತ್ತಿದ್ದ 85 ವರ್ಷದ ಪತ್ನಿ ಆ ಹೊತ್ತಿನಲ್ಲಿ ತೂಕಡಿಸಿದ್ದರು. ರೈಲು ವಿಳಂಬದ ನಷ್ಟ ತುಂಬಿಕೊಡುವಂತೆ ರೈಲ್ವೆ ಕಂಪನಿ ಕುಟುಂಬದ ಮೇಲೆ ದಾವೆ ಹೂಡಿತು. ಕೆಳ ನ್ಯಾಯಾಲಯ 2013ರಲ್ಲಿ ಪತ್ನಿ ಹಾಗೂ ಮಗ ಸುಮಾರು 72 ಲಕ್ಷ ಯೆನ್ ಕೊಡಬೇಕೆಂದಿತು; ಮೇಲ್ಮನವಿಯಲ್ಲಿ ಪತ್ನಿಯೊಬ್ಬರೇ ಅದರ ಅರ್ಧ ಕೊಡಬೇಕೆಂದಾಯಿತು; ಕೊನೆಗೆ 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಕುಟುಂಬ ಹೊಣೆಯಲ್ಲವೆಂದು ತೀರ್ಪಿತ್ತಿತು. ಆಮೇಲೆ ಕೆಲವು ನಗರಾಡಳಿತಗಳು ಇಂಥ ಹಾನಿಗೆ ತಾವೇ ವಿಮೆ ಮಾಡಿಸತೊಡಗಿದವು. ಬಜೆಟ್ ಅಧಿಕಾರಿಗಳು ಹೇಳಿದ ಕೋಬೆಯ ಅಪಘಾತ ಪರಿಹಾರವೂ ಈ ಸಾಲಿನದೇ.

ನಿಗಾಕ್ಕೆ ಹಣ ಕೊಡಲು ಒಪ್ಪದ ರಾಜ್ಯವ್ಯವಸ್ಥೆ, ನಿಗಾ ತಪ್ಪಿದಾಗ ಮಾತ್ರ ಮನೆಯವರಿಂದ ಹಣ ಕೇಳುವ ಸ್ಥಿತಿ ಇರಕೂಡದು. ಎಂಬತ್ತೈದರ ಮುದುಕಿಯೊಬ್ಬರು ಎಷ್ಟು ರಾತ್ರಿ ಕಣ್ಣು ಮುಚ್ಚದೆ ಕೂತಿರಬೇಕು ಎಂಬ ಪ್ರಶ್ನೆ ನ್ಯಾಯಾಲಯದ ಕಟಕಟೆಯವರೆಗೂ ಬಂತಲ್ಲ ಎಂಬುದೇ ನನ್ನನ್ನು ಕಾಡುತ್ತದೆ.

ಚರ್ಚೆ ಆರಂಭಿಸಿದವರು

ಎಲ್ಲರ ಪ್ರತಿಕ್ರಿಯೆಗಳನ್ನೂ ಗಮನವಿಟ್ಟು ಓದಿದೆ. ಸಮಾಲೋಚನೆಯೋ ಬಿಡುವೋ ಎಂದು ಎರಡನ್ನು ಎದುರುಬದುರು ನಿಲ್ಲಿಸುವುದು ಬೇಡವೆಂಬ ಶುಶ್ರೂಷಕಿಯವರ ಮಾತಿನ ಧ್ವನಿ ನನಗೆ ಒಪ್ಪಿಗೆ. ಒಂದಿಲ್ಲದೆ ಇನ್ನೊಂದು ನಿಲ್ಲದು. ಅಮೆರಿಕದಲ್ಲಿ ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ದೀರ್ಘಾವಧಿಯ ದೈನಂದಿನ ಆರೈಕೆಯನ್ನು ಭರಿಸುವುದಿಲ್ಲ. ಆದರೂ 2024ರ ಜುಲೈ 1ರಂದು ಅಲ್ಲಿ ಆರಂಭವಾದ ಗೈಡ್ ಎಂಬ 8 ವರ್ಷಗಳ ಪ್ರಯೋಗದಲ್ಲಿ ಈ ಎರಡನ್ನೂ ಒಟ್ಟಿಗೆ ಇಟ್ಟಿದ್ದಾರೆ: ಕುಟುಂಬಕ್ಕೆ ದಾರಿ ತೋರಲು ಒಬ್ಬ ಆರೈಕೆ ಸಂಯೋಜಕರು, ಹಗಲಿರುಳೂ ಕರೆ ಮಾಡಬಹುದಾದ ದೂರವಾಣಿ, ಆರೈಕೆದಾರರಿಗೆ ತರಬೇತಿ, ಜೊತೆಗೆ ಅರ್ಹರಿಗೆ ವರ್ಷಕ್ಕೆ 2,500 ಡಾಲರ್‌ವರೆಗೆ ಬಿಡುವಿನ ಸೇವೆ.

ಬಜೆಟ್ ಅಧಿಕಾರಿಗಳು ಎತ್ತಿದ ಅಂಚಿಲ್ಲದ ಅಗತ್ಯದ ಪ್ರಶ್ನೆಗೆ ಇದೇ ಮೊತ್ತವನ್ನು ಹಿಡಿದು ಉತ್ತರಿಸುತ್ತೇನೆ. ಆಲ್‌ಝೈಮರ್‌ನ ಆರಂಭದ ಹಂತಕ್ಕೆ ಕೊಡುವ ಲೆಕಾನೆಮಾಬ್ ಔಷಧಕ್ಕೆ 2023ರಲ್ಲಿ ಅಮೆರಿಕದಲ್ಲಿ ನಿಗದಿಯಾದ ಬೆಲೆ ವರ್ಷಕ್ಕೆ 26,500 ಡಾಲರ್. ಪದೇಪದೇ ಮಾಡಿಸಬೇಕಾದ ಎಂಆರ್‌ಐ ಸ್ಕ್ಯಾನ್‌ಗಳ ವೆಚ್ಚ ಅದಕ್ಕೆ ಸೇರಿಲ್ಲ. ಒಂದೂವರೆ ವರ್ಷದ ಪ್ರಯೋಗದಲ್ಲಿ, ರೋಗದ ತೀವ್ರತೆ ಅಳೆಯುವ 18 ಅಂಕಗಳ ಮಾಪಕದ ಮೇಲೆ ಅದು ತೋರಿದ ವ್ಯತ್ಯಾಸ 0.45. ಔಷಧ ಬೇಡವೆನ್ನಲು ನಾನು ಯಾರು? ಕುಸಿತ ತುಸು ನಿಧಾನವಾದರೂ ಅದಕ್ಕೆ ಬೆಲೆಯಿದೆ. ಆದರೆ 26,500 ಡಾಲರಿನ ಔಷಧಕ್ಕೆ ವಿಮೆ ಹಣ ಕೊಡುವಾಗ ಕೇಳಿಬರದ "ಇದಕ್ಕೆ ಕೊನೆಯೆಲ್ಲಿ?" ಎಂಬ ಪ್ರಶ್ನೆ, ಅದರ ಹತ್ತನೇ ಒಂದು ಪಾಲಿಗೂ ಕಡಿಮೆಯಾದ ಬಿಡುವಿನ ಸೇವೆಯ ಹೊತ್ತಿಗೆ ಮಾತ್ರ ಏಳುವುದು ಏಕೆ? ಒಂದಕ್ಕೆ ಚೀಟಿ ಬರೆದುಕೊಡುವ ವೈದ್ಯರಿದ್ದಾರೆ. ಇನ್ನೊಂದು ಮನೆಗೆಲಸದಂತೆ ಕಾಣುತ್ತದೆ. ಹೊರೆಗೆ ಮಿತಿ ಬೇಕಿದ್ದರೆ ಗಂಟೆಗಳಿಗೆ ಮಿತಿ ಹಾಕಲಿ, ವಾರಕ್ಕೆ ಇಷ್ಟೇ ಎಂದು ಹೇಳಲಿ. ಹೇಳಿದಷ್ಟನ್ನು ತಪ್ಪದೆ ಕೊಡಲಿ.

ನಿವೃತ್ತ ಬಜೆಟ್ ಅಧಿಕಾರಿ

ಗಂಟೆಗೆ ಮಿತಿ ಹಾಕಿದರೆ ಅಂದಾಜು ಮಾಡಬಹುದು, ಅಷ್ಟನ್ನು ಒಪ್ಪುತ್ತೇನೆ. ಆದರೆ ಒಂದು ಷರತ್ತು ಸೇರಿಸಬೇಕು. ಹಣವನ್ನು ಕೇಂದ್ರದ ಆಸನಗಳ ಲೆಕ್ಕದಲ್ಲಿ ಬಿಡುಗಡೆ ಮಾಡಿದರೆ ಸಂಸ್ಥೆಗಳು ಆಸನ ತೋರಿಸಿ ಹಣ ಪಡೆಯುತ್ತವೆ, ಶುಶ್ರೂಷಕಿಯವರು ಹೇಳಿದ "ಗೈರು" ಯಾರಿಗೂ ನಷ್ಟವಾಗುವುದಿಲ್ಲ. ಹಾಗೆಂದು ಹಾಜರಿಗೆ ಮಾತ್ರ ಹಣ ಕೊಟ್ಟರೆ, ಹಟ ಮಾಡುವ ರೋಗಿಗಳನ್ನು ಸಂಸ್ಥೆಗಳು ಸೇರಿಸಿಕೊಳ್ಳಲು ಹಿಂಜರಿಯುತ್ತವೆ. ಹೆಚ್ಚು ಕಷ್ಟದ ವರ್ತನೆಯಿರುವವರಿಗೆ ಗಂಟೆಗೆ ಹೆಚ್ಚಿನ ದರ ಇರಲೇಬೇಕು.

ಸಮುದಾಯ ಶುಶ್ರೂಷಕಿ

ಹೆಚ್ಚಿನ ದರದ ಮಾತು ಸರಿ. ಅದರೊಡನೆ ಮನೆಯಿಂದ ಹೊರಡಿಸುವ ಅರ್ಧ ಗಂಟೆಯನ್ನೂ ಸೇವೆಯ ಗಂಟೆಯೆಂದೇ ಗುತ್ತಿಗೆಯ ಕರಾರಿನಲ್ಲಿ ಬರೆಯಲಿ. ಬರವಣಿಗೆಯಲ್ಲಿ ಇಲ್ಲದ್ದನ್ನು ಯಾವ ಸಂಸ್ಥೆಯೂ ಎರಡನೇ ತಿಂಗಳು ಮಾಡುವುದಿಲ್ಲ.

ತಂದೆಯ ಆರೈಕೆ ಮಾಡುತ್ತಿರುವ ಮಗಳು

ಅರ್ಹತೆಯ ನಮೂನೆಯಲ್ಲೂ ಎರಡು ತಿದ್ದುಪಡಿ ಆಗಲಿ: ಮನೆಯವರೊಡನೆ ಪ್ರತ್ಯೇಕವಾಗಿ ಮಾತನಾಡುವುದು ಕಡ್ಡಾಯವಾಗಲಿ, ಮತ್ತು "ಇವರನ್ನು ಒಂಟಿಯಾಗಿ ಎಷ್ಟು ಹೊತ್ತು ಬಿಡಬಹುದು?" ಎಂಬ ಪ್ರಶ್ನೆ ಮೊದಲ ಪುಟದಲ್ಲಿರಲಿ. ನಮ್ಮ ಮನೆಯ ಮಟ್ಟಿಗೆ ಅದರ ಉತ್ತರ, ನಾನು ಸ್ನಾನ ಮುಗಿಸಿ ಬರುವಷ್ಟು ಹೊತ್ತು, ಅದೂ ಹೊರಬಾಗಿಲಿಗೆ ಚಿಲಕ ಹಾಕಿದ್ದರೆ.